ಮಂಡಿಯ ತಂತ್ರಾಂಶ: ಒಂದೇ ಅಪ್ಲಿಕೇಶನ್ ಸಾಕೇ, ಬಿಡಿಯಾಗಿ ಕಟ್ಟಬೇಕೇ?

ಪರ: ಒಂದೇ ಅಪ್ಲಿಕೇಶನ್ ಸಾಕು

ದಾವಣಗೆರೆಯ ಮಂಡಿಗೆ ಮೆಕ್ಕೆಜೋಳದ ಲೋಡು ಬಂದಾಗ ಗುಮಾಸ್ತರು ಬರೆಯುವ ಪಟ್ಟಿಯನ್ನು ಒಮ್ಮೆ ಗಮನಿಸಬೇಕು. ಲಾರಿಯ ಒಟ್ಟು ತೂಕ 14,260 ಕೆ.ಜಿ., ಖಾಲಿ ಲಾರಿ 5,180, ನಿವ್ವಳ ಮಾಲು 9,080, ತೇವಾಂಶ ಶೇ. 14ನ್ನು ಮೀರಿದ್ದರೆ ಅದಕ್ಕೆ ಕಡಿತ, ಬಳಿಕ ಕ್ವಿಂಟಲ್ ದರ, ಹಮಾಲಿ, ರೈತರು ಹಿಂದೆ ಪಡೆದ ಮುಂಗಡ, ಕಡೆಗೆ ಅವರ ಕೈಗೆ ಸಲ್ಲಬೇಕಾದ ಹಣ. ಇವುಗಳಲ್ಲಿ ಒಂದು ಸಾಲು ದಾಖಲಾಗಿ ಇನ್ನೊಂದು ಬಿಟ್ಟುಹೋದರೂ ಸಂಜೆ ಕಿರ್ದಿ (ದಿನದ ಜಮಾಖರ್ಚಿನ ಲೆಕ್ಕ) ತಾಳೆಯಾಗುವುದಿಲ್ಲ.

ಒಂದೇ ಅಪ್ಲಿಕೇಶನ್, ಅದರ ಹಿಂದೆ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್ (ದಾಖಲೆಗಳನ್ನು ಕೂಡಿಡುವ ವ್ಯವಸ್ಥೆ) ಇದ್ದರೆ ಈ ಸಾಲುಗಳನ್ನೆಲ್ಲ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯಬಹುದು. ನಡುವೆ ಕರೆಂಟು ಹೋದರೆ ಅರ್ಧ ಪಟ್ಟಿ ಉಳಿಯುವುದಿಲ್ಲ. ಇಡೀ ಪಟ್ಟಿಯೇ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ತೂಕ, ಪಟ್ಟಿ, ಪಾವತಿಗಳನ್ನು ಮೂರು ಸೇವೆಗಳಾಗಿ, ಅಂದರೆ ಬೇರೆಬೇರೆ ಪ್ರೋಗ್ರಾಂಗಳಾಗಿ, ಒಡೆದು ಮೂರು ಡೇಟಾಬೇಸ್ ಕೊಟ್ಟ ಕ್ಷಣದಿಂದ ಈ ಖಾತರಿಯನ್ನು ನಾವೇ ಕೋಡಿನಲ್ಲಿ ಕಟ್ಟಬೇಕಾಗುತ್ತದೆ: ಸಂದೇಶಗಳ ಸರತಿ, ಮರುಪ್ರಯತ್ನ, ಎರಡು ಸಲ ಬಂದ ಸಂದೇಶವನ್ನು ಗುರುತಿಸುವ ಬಗೆ, ಅರ್ಧಕ್ಕೆ ನಿಂತದ್ದನ್ನು ಹಿಂತೆಗೆಯುವ ಬಗೆ. ಇಪ್ಪತ್ತು ಜನ ಬಳಸುವ ತಂತ್ರಾಂಶಕ್ಕೆ ಇಷ್ಟೊಂದು ಹೊರೆ ಹೊರಿಸುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆಯು ಆ ಸಂಸ್ಥೆಯ ಜನ ಪರಸ್ಪರ ಮಾತನಾಡುವ ರೀತಿಯನ್ನೇ ಹೋಲುತ್ತದೆಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಒಂದೇ ಮೇಜಿನಲ್ಲಿ ಕೂರುವ ಇಬ್ಬರು ಬರೆಯುವ ಕೋಡು ಒಂದೇ ಕಡೆ ಇರುವುದು ಸಹಜ. ಮೇಲಾಗಿ, ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಬಂದ ಹುಡುಗರು ಕೈ ಪಳಗುತ್ತಿದ್ದಂತೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಅವರ ಜಾಗಕ್ಕೆ ಬಂದವರು ಒಂದು ವಾರದಲ್ಲಿ ಓದಿ ತಿಳಿಯುವಂತಿರಬೇಕಾದರೆ 2005ರಿಂದ ಬಳಕೆಯಲ್ಲಿರುವ, ವೆಬ್ ಅಪ್ಲಿಕೇಶನ್ ಕಟ್ಟುವ ಜಾಂಗೋದಂತಹ ಹಳೆಯ, ಎಲ್ಲರೂ ಬಲ್ಲ ಸಾಧನವೇ ಲೇಸು.

ವಿರೋಧ: ತೂಕವನ್ನಾದರೂ ಬೇರೆ ಇಡಿ

ಟ್ರಾನ್ಸಾಕ್ಷನ್ನಿನ ವಾದ ಸರಿಯಾದದ್ದೇ. ಮುಂಗಡವೂ ಪಾವತಿಯೂ ಒಂದೇ ಡೇಟಾಬೇಸಿನಲ್ಲಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸುಗ್ಗಿಯ ಒಂದು ಬೆಳಿಗ್ಗೆ ನಾನು ಕೆಲಸ ಮಾಡುತ್ತಿದ್ದ ಮಂಡಿಯಲ್ಲಿ ಕಂಡದ್ದನ್ನು ಮರೆಯಲಾರೆ. ಕಡಿತದ ಲೆಕ್ಕಕ್ಕೆಂದು ಪಟ್ಟಿಯ ಟೇಬಲ್ಲಿಗೆ ಹೊಸ ಕಾಲಂ ಸೇರಿಸಲು ಹೊರಟಿದ್ದೆವು. ಯಾರೋ ತೆರೆದಿಟ್ಟಿದ್ದ ವರ್ಷದ ವರದಿ ಮುಗಿಯುವವರೆಗೆ ಆ ಬದಲಾವಣೆ, ಟೇಬಲ್ಲನ್ನು ತನ್ನೊಬ್ಬನ ವಶಕ್ಕೆ ಪಡೆಯುವ ಬೀಗಕ್ಕಾಗಿ (ಲಾಕ್) ಕಾಯಿತು. ಅದರ ಹಿಂದೆ, ಅದೇ ಟೇಬಲ್ಲಿಗೆ ಹೋಗಬೇಕಿದ್ದ ತೂಕದ ನಮೂದುಗಳೂ ಸಾಲುಗಟ್ಟಿದವು. ಹೊರಗೆ ಲಾರಿಗಳು ರಸ್ತೆಯವರೆಗೆ ನಿಂತವು. ರಾತ್ರಿಯೇ ಊರು ಬಿಟ್ಟು ಬಂದಿದ್ದ ರೈತರಿಗೆ ನಮ್ಮ ಡೇಟಾಬೇಸಿನ ಕಷ್ಟ ಏಕೆ ತಿಳಿಯಬೇಕು?

ಕಿರ್ದಿ ಅರ್ಧ ಗಂಟೆ ತಡವಾಗಬಹುದು, ತೂಕ ತಡವಾಗಬಾರದು. ಆದ್ದರಿಂದ ಲಾರಿ ತೂಗುವ ವೇಬ್ರಿಡ್ಜ್ ಕೊಠಡಿಯ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ಪ್ರೋಗ್ರಾಂ ಇರಲಿ: ಸೀರಿಯಲ್ ಕೇಬಲ್ಲಿನಿಂದ ತೂಕ ಓದಿ, ಸರ್ವರನ್ನೇ ಬೇಡದ ಡೇಟಾಬೇಸಾದ ಎಸ್‌ಕ್ಯೂಲೈಟ್ ಫೈಲಿನಲ್ಲಿ ಬರೆದು, ತನ್ನದೇ ಸಂಖ್ಯೆಯ ಚೀಟಿ ಮುದ್ರಿಸಿ, ನೆಟ್‌ವರ್ಕ್ ಬಂದಾಗ ಕಚೇರಿಗೆ ಕಳುಹಿಸಲಿ. ಅದೇ ಚೀಟಿ ಎರಡು ಸಲ ತಲುಪಿದರೆ ಸಂಖ್ಯೆ ನೋಡಿ ಎರಡನೆಯದನ್ನು ಬಿಟ್ಟರಾಯಿತು. ಎದುರು ವಾದದವರು ಹೆದರುವ ಹೊರೆ ಇಲ್ಲಿ ಇಷ್ಟೇ.

ಜಿಎಸ್‌ಟಿ ತೆರಿಗೆ ಬೀಳುವ ಅಡಿಕೆಯ ವ್ಯವಹಾರವೂ ಇರುವ ಮಂಡಿಗೆ ಇನ್ನೊಂದು ಕಾರಣವಿದೆ. 2020ರ ಅಕ್ಟೋಬರಿನಲ್ಲಿ ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿ ಮೀರಿದವರಿಗಷ್ಟೇ ಕಡ್ಡಾಯವಾಗಿದ್ದ, ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್, ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೂ ಬಂದಿತು. ಸರ್ಕಾರದ ಗಡುವಿಗೆ ತಕ್ಕಂತೆ ಬದಲಾಗುವ ಆ ಭಾಗವನ್ನೂ ಬೇರೆಯೇ ಇಟ್ಟರೆ, ಅದನ್ನು ತಿದ್ದುವ ದಿನ ಪಟ್ಟಿ ಬರೆಯುವವರ ಕೈ ನಿಲ್ಲುವುದಿಲ್ಲ.

ಉಳಿದದ್ದೆಲ್ಲ ಒಂದೇ ಅಪ್ಲಿಕೇಶನ್ ಆಗಿರಲಿ, ಜಾಂಗೋದಲ್ಲೇ ಇರಲಿ. ಅದಕ್ಕೆ ನನ್ನ ತಕರಾರಿಲ್ಲ. ವೇಬ್ರಿಡ್ಜ್ ಕೊಠಡಿಗೆ ಮಾತ್ರ ಅದರದೇ ಕಂಪ್ಯೂಟರು, ಪ್ರಿಂಟರು, ಒಂದು ಯುಪಿಎಸ್ ಬೇಕು.