ವ್ಯವಸ್ಥಾಪಕರೆಲ್ಲರೂ ನಿರ್ವಹಣಾ ಲೆಕ್ಕಶಾಸ್ತ್ರ ಕಲಿಯಲೇಬೇಕೇ?

ಪರ

ವರ್ಷಾಂತ್ಯದ ಲಾಭ-ನಷ್ಟ ಖಾತೆ ತಯಾರಾಗುವುದು ಮುಖ್ಯವಾಗಿ ಹೊರಗಿನವರಿಗಾಗಿ; ಷೇರುದಾರರು, ಸಾಲ ಕೊಟ್ಟವರು, ತೆರಿಗೆ ಅಧಿಕಾರಿಗಳು ಅದರ ಓದುಗರು. ಸಂಸ್ಥೆಯೊಳಗೆ ದಿನನಿತ್ಯ ಏಳುವ ಪ್ರಶ್ನೆಗಳಿಗೆ, ಅಂದರೆ ಒಂದು ಬಿಡಿಭಾಗವನ್ನು ನಾವೇ ತಯಾರಿಸಬೇಕೇ ಹೊರಗಿನಿಂದ ಕೊಳ್ಳಬೇಕೇ, ಎಷ್ಟು ಮಾರಿದರೆ ಅಸಲು ಗಿಟ್ಟುತ್ತದೆ, ಕಡಿಮೆ ದರದ ದೊಡ್ಡ ಆರ್ಡರನ್ನು ಒಪ್ಪಿಕೊಳ್ಳಬಹುದೇ ಎಂಬಂಥವುಗಳಿಗೆ, ಅದರಲ್ಲಿ ನೇರ ಉತ್ತರ ಸಿಗುವುದಿಲ್ಲ. ಆ ಉತ್ತರ ಹುಡುಕುವ ವಿದ್ಯೆ ನಿರ್ವಹಣಾ ಲೆಕ್ಕಶಾಸ್ತ್ರ. ನಿರ್ಧಾರ ಕೈಗೊಳ್ಳುವವರೇ ಅದನ್ನು ಕಲಿಯದೆ ಉಳಿಯುವುದು ಅಪಾಯಕಾರಿ ಎಂಬುದು ನನ್ನ ವಾದ.

ಒಂದು ಸಂಸ್ಥೆ ಮೂರು ವಸ್ತುಗಳನ್ನು ತಯಾರಿಸುತ್ತದೆ ಎಂದಿಟ್ಟುಕೊಳ್ಳೋಣ. ಮೂರನೆಯ ವಸ್ತುವಿನ ಮಾರಾಟ 100. ಕಚ್ಚಾವಸ್ತು ಮೊದಲಾದ, ತಯಾರಿಸಿದಷ್ಟಕ್ಕೇ ತಗಲುವ ಚರ ವೆಚ್ಚ 80. ಕಟ್ಟಡದ ಬಾಡಿಗೆ, ಮೇಲ್ವಿಚಾರಕರ ಸಂಬಳ ಮುಂತಾದ ಸ್ಥಿರ ವೆಚ್ಚದಲ್ಲಿ ಅದರ ಪಾಲಿಗೆ ಹಂಚಿರುವುದು 30. ವರದಿಯ ಕೊನೆಯ ಸಾಲಿನಲ್ಲಿ 10 ನಷ್ಟ ಎಂದು ಕಾಣುತ್ತದೆ. ಉಳಿದೆರಡು ವಸ್ತುಗಳಿಂದ 40 ಲಾಭವಿದ್ದರೆ ಸಂಸ್ಥೆಯ ಒಟ್ಟು ಲಾಭ 30. ಮೂರನೆಯದನ್ನು ನಿಲ್ಲಿಸಿಬಿಟ್ಟರೆ ಲಾಭ 40ಕ್ಕೆ ಏರೀತೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ನಿಲ್ಲಿಸಿದ ಮೇಲೂ ಬಾಡಿಗೆ, ಸಂಬಳಗಳ ಆ 30 ಹಾಗೆಯೇ ಉಳಿದು ಮಿಕ್ಕೆರಡು ವಸ್ತುಗಳ ತಲೆಯ ಮೇಲೆ ಬೀಳುತ್ತದೆ. ಒಟ್ಟು ಲಾಭ 10ಕ್ಕೆ ಕುಸಿಯುತ್ತದೆ. ಹೆಚ್ಚಿದ ಹೊರೆಯಿಂದ ಎರಡನೆಯ ವಸ್ತುವೂ ನಷ್ಟದ್ದೆಂದು ಕಾಣತೊಡಗಿ, ಅದನ್ನೂ ಕೈಬಿಡುವ ಮಾತು ಏಳುತ್ತದೆ. ಸ್ಥಿರ ವೆಚ್ಚ ತೀರಿಸಲು ಮೂರನೆಯ ವಸ್ತು ನೀಡುತ್ತಿದ್ದ 20ರ ‘ಕೊಡುಗೆ’ಯನ್ನು ಗುರುತಿಸಲು ಒಂದೇ ಒಂದು ವ್ಯವಕಲನ ಸಾಕಿತ್ತು, ಯಾವುದರಿಂದ ಯಾವುದನ್ನು ಕಳೆಯಬೇಕೆಂಬುದು ಮಾತ್ರ ಕಲಿಯದೆ ತಿಳಿಯುವುದಿಲ್ಲ.

ಈ ತಿಳಿವಿಗೆ ದೀರ್ಘ ಇತಿಹಾಸವಿದೆ. 1772ರ ಸಾಲದ ಬಿಕ್ಕಟ್ಟಿನಲ್ಲಿ ವ್ಯಾಪಾರ ಕುಗ್ಗಿದಾಗ ಇಂಗ್ಲೆಂಡಿನ ಕುಂಬಾರಿಕೆ ಉದ್ಯಮಿ ಜೋಸಾಯ ವೆಡ್ಜ್‌ವುಡ್ ತಮ್ಮ ಕಾರ್ಖಾನೆಯ ಖರ್ಚುಗಳನ್ನು ಸ್ವತಃ ಬಿಡಿಸಿ ನೋಡಿ, ಅವುಗಳಲ್ಲಿ ಹಲವು ಸರಕು ಹೆಚ್ಚಾದರೂ ಕಡಿಮೆಯಾದರೂ ಗಡಿಯಾರದಂತೆ ನಡೆಯುತ್ತಲೇ ಇರುತ್ತವೆ ಎಂಬುದನ್ನು ಕಂಡುಕೊಂಡರು. ಅವರು ಲೆಕ್ಕಿಗರಾಗಿರಲಿಲ್ಲ, ವ್ಯವಹಾರ ನಡೆಸುತ್ತಿದ್ದವರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ನಿಯಂತ್ರಣದಲ್ಲೂ ಇದೇ ಕಥೆ. 10,000 ನಗಕ್ಕೆ ಹಾಕಿದ ಬಜೆಟ್ಟನ್ನು 12,000 ನಗ ತಯಾರಿಸಿದ ತಿಂಗಳ ಖರ್ಚಿನ ಪಕ್ಕದಲ್ಲಿಟ್ಟು, ಮಿತಿ ಮೀರಿದಿರಿ ಎಂದು ವಿಭಾಗದ ಮುಖ್ಯಸ್ಥರನ್ನು ತರಾಟೆಗೆ ತೆಗೆದುಕೊಳ್ಳುವ ಸಭೆಗಳು ನಡೆಯುತ್ತವೆ. 12,000 ನಗಕ್ಕೆ ಎಷ್ಟು ಖರ್ಚಾಗಬೇಕಿತ್ತು ಎಂದು ಮೊದಲು ಕೇಳಬಲ್ಲ ಮುಖ್ಯಸ್ಥರು ತಮ್ಮವರನ್ನು ಅನ್ಯಾಯದಿಂದ ಕಾಪಾಡುತ್ತಾರೆ.

ಇದಕ್ಕೆಲ್ಲ ಲೆಕ್ಕಾಧಿಕಾರಿ ಇದ್ದಾರಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಯಾವ ಯಂತ್ರ ನಿಲ್ಲಿಸಿದರೆ ಯಾವ ಖರ್ಚು ನಿಜವಾಗಿ ತಪ್ಪುತ್ತದೆ ಎಂಬುದು ಗೊತ್ತಿರುವುದು ಯಂತ್ರದ ಪಕ್ಕದಲ್ಲಿ ನಿಂತವರಿಗೆ. ಲೆಕ್ಕಾಧಿಕಾರಿಗೆ ಗೊತ್ತಿರುವುದು ಆ ಖರ್ಚು ಯಾವ ಖಾತೆಯಲ್ಲಿ ಕುಳಿತಿದೆ ಎಂಬುದು. ಈ ಎರಡು ತಿಳಿವಳಿಕೆಗಳು ಕೂಡಬೇಕಾದರೆ ಮೊದಲಿನವರು ಎರಡನೆಯವರ ಭಾಷೆಯನ್ನು ಕಲಿತಿರಲೇಬೇಕು.

ವಿರೋಧ

ಮೇಲಿನ ವಾದದ ಮೂರನೆಯ ವಸ್ತುವನ್ನೇ ಎತ್ತಿಕೊಳ್ಳುತ್ತೇನೆ. 100ರಲ್ಲಿ 80 ಕಳೆದು, 20ರ ಕೊಡುಗೆ ಇದೆಯೆಂದು ಅದನ್ನು ಉಳಿಸಿಕೊಳ್ಳುವುದು ಈ ವರ್ಷದ ಮಟ್ಟಿಗೆ ಸರಿ. ಮುಂದಿನ ವರ್ಷ ಅದೇ ತರ್ಕದಿಂದ ನಾಲ್ಕನೆಯ, ಐದನೆಯ ವಸ್ತುಗಳು ಬರುತ್ತವೆ, ಏಕೆಂದರೆ ಪ್ರತಿಯೊಂದೂ ಚರ ವೆಚ್ಚ ತೀರಿಸಿ ಒಂದಿಷ್ಟು ಉಳಿಸುತ್ತದೆ. ಸಣ್ಣ ಪ್ರಮಾಣದ ಬಗೆಗಳು ಹೆಚ್ಚಿದಂತೆ ಯಂತ್ರಗಳನ್ನು ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ, ಖರೀದಿ ಆದೇಶಗಳೂ ತಪಾಸಣೆಯೂ ಬೆಳೆಯುತ್ತವೆ, ಉಗ್ರಾಣಕ್ಕೆ ಇನ್ನೊಬ್ಬರು ಬೇಕಾಗುತ್ತಾರೆ. ಪಾಠದಲ್ಲಿ ‘ಸ್ಥಿರ’ ಎಂದು ಕಲಿತಿದ್ದ ವೆಚ್ಚ ಸದ್ದಿಲ್ಲದೆ ಏರುತ್ತದೆ. ಅದನ್ನು ಏರಿಸಿದ್ದು ಯಾವ ವಸ್ತು ಎಂಬುದನ್ನು ಕೊಡುಗೆಯ ಲೆಕ್ಕ ಹೇಳುವುದೇ ಇಲ್ಲ.

ಈ ಕೊರತೆಯನ್ನು ಕ್ಷೇತ್ರದ ಒಳಗಿನವರೇ ಎತ್ತಿ ತೋರಿಸಿದ್ದಾರೆ. ಬಳಕೆಯಲ್ಲಿರುವ ಪದ್ಧತಿಗಳು ಬಹುಪಾಲು 1925ರ ಹೊತ್ತಿಗೇ ರೂಪುಗೊಂಡಿದ್ದವು, ತಯಾರಿಕೆ ಬದಲಾದರೂ ಲೆಕ್ಕ ಬದಲಾಗಲಿಲ್ಲ ಎಂದು ಥಾಮಸ್ ಜಾನ್ಸನ್ ಮತ್ತು ರಾಬರ್ಟ್ ಕಪ್ಲನ್ 1987ರಲ್ಲಿ ವಾದಿಸಿದರು. ಒಟ್ಟು ಖರ್ಚಿನಲ್ಲಿ ಕೂಲಿಯ ಪಾಲು ಇಳಿದ ಮೇಲೂ ಮೇಲ್ವೆಚ್ಚವನ್ನು, ಅಂದರೆ ಯಾವುದೇ ಒಂದು ವಸ್ತುವಿಗೆ ನೇರವಾಗಿ ಸೇರದ ಬಾಡಿಗೆ, ಮೇಲ್ವಿಚಾರಣೆಯಂಥ ಖರ್ಚನ್ನು, ಕೂಲಿಯ ಗಂಟೆಗಳ ಮೇಲೆಯೇ ಹಂಚುವ ರೂಢಿ ಮುಂದುವರಿದಿತ್ತು. ಪರಿಹಾರವಾಗಿ ಬಂದದ್ದು, ಯಾವ ಕೆಲಸ ಎಷ್ಟು ಖರ್ಚು ತಂದಿತೆಂದು ನೋಡಿ ಅದನ್ನು ವಸ್ತುಗಳಿಗೆ ಹಂಚುವ ಚಟುವಟಿಕೆ ಆಧಾರಿತ ವೆಚ್ಚ ಪದ್ಧತಿ; ಅದು ನಿಭಾಯಿಸಲು ಭಾರವಾಯಿತು. 2004ರಲ್ಲಿ ಕಪ್ಲನ್ ಅವರೇ ಸ್ಟೀವನ್ ಆಂಡರ್ಸನ್ ಜೊತೆಗೂಡಿ ಅದಕ್ಕೆ ಸರಳವಾದ ರೂಪವೊಂದನ್ನು ಮುಂದಿಟ್ಟರು. ತಜ್ಞರೇ ಹೀಗೆ ತಿದ್ದಿಕೊಳ್ಳುತ್ತಿರುವ ವಿದ್ಯೆಯನ್ನು ಒಂದು ಸೆಮಿಸ್ಟರಿನಲ್ಲಿ ಕಲಿತು ಬಂದವರು, ಅದರ ಅಂಕಿಗಳನ್ನು ಅಳತೆಪಟ್ಟಿಯಿಂದ ಅಳೆದಷ್ಟೇ ಖಚಿತವೆಂದು ನಂಬಿಬಿಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಈ ಅರೆಕಲಿಕೆಯೇ.

ಅದು ನೆಲಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಲೋಹದ ತಗಡಿಗೆ ಪ್ರಮಾಣಿತ ದರ 50 ಎಂದು ನಿಗದಿಯಾಗಿದೆ. ಖರೀದಿ ಅಧಿಕಾರಿ ಬೇರೊಬ್ಬ ಪೂರೈಕೆದಾರರಿಂದ 46ಕ್ಕೆ ತರಿಸುತ್ತಾರೆ. ತಿಂಗಳ ವರದಿಯಲ್ಲಿ ಅವರ ಹೆಸರಿನ ಎದುರು ‘ಅನುಕೂಲಕರ ವ್ಯತ್ಯಾಸ’ ಎಂದು ಬರುತ್ತದೆ. ಅತ್ತ ಕಾರ್ಖಾನೆಯಲ್ಲಿ ಆ ತಗಡನ್ನು ಬಾಗಿಸುವಾಗ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಮೂಡುತ್ತದೆ, ಕೆಲಸಗಾರರು ಅದನ್ನು ತೆಗೆದು ಗುಜರಿ ಡಬ್ಬಿಗೆ ಹಾಕುತ್ತಾರೆ, ಹೆಚ್ಚು ತಗಡು ಬಳಸಿದ ‘ಪ್ರತಿಕೂಲ ವ್ಯತ್ಯಾಸ’ ಉತ್ಪಾದನಾ ಮೇಲ್ವಿಚಾರಕರ ಲೆಕ್ಕಕ್ಕೆ ಸೇರುತ್ತದೆ. ಇಬ್ಬರೂ ಈ ವಿಷಯ ಓದಿದವರೇ ಆಗಿರಬಹುದು. ಓದಿದ್ದರಿಂದಲೇ ತಮ್ಮ ತಮ್ಮ ಅಂಕಿಯನ್ನು ಕಾಪಾಡಿಕೊಳ್ಳುವುದು ಹೇಗೆಂದು ಇಬ್ಬರಿಗೂ ಚೆನ್ನಾಗಿ ಗೊತ್ತು. ಇನ್ನೂ ಚತುರರಾದವರು ಮಾರಾಟವಾಗದ ಸರಕನ್ನು ಹೆಚ್ಚಾಗಿ ತಯಾರಿಸಿ, ಸ್ಥಿರ ವೆಚ್ಚದ ಒಂದು ಭಾಗವನ್ನು ಅಂತಿಮ ದಾಸ್ತಾನಿನ, ಅಂದರೆ ಅವಧಿಯ ಕೊನೆಗೆ ಉಳಿದ ಸರಕಿನ, ಮೌಲ್ಯದೊಳಗೆ ಸೇರಿಸಿ, ಆ ಅವಧಿಯ ಲಾಭವನ್ನು ಹಿಗ್ಗಿಸಿ ತೋರಿಸಬಲ್ಲರು.

ಬಜೆಟ್ ಇಲ್ಲದೆ ಸಂಸ್ಥೆ ನಡೆಯದು ಎಂದು ಯಾರಾದರೂ ಹೇಳಬಹುದು; ಅದಕ್ಕೂ ಉತ್ತರವಿದೆ. ಸ್ವೀಡನ್ನಿನ ಹಾಂಡೆಲ್ಸ್‌ಬಾಂಕೆನ್ ಬ್ಯಾಂಕಿನ ಹೊಣೆಯನ್ನು 1970ರಲ್ಲಿ ವಹಿಸಿಕೊಂಡ ಯಾನ್ ವಲಾಂಡರ್ ಅಲ್ಲಿನ ಬಜೆಟ್ ಪದ್ಧತಿಯನ್ನು ಕೈಬಿಟ್ಟು, ಶಾಖೆಗಳ ಸಾಧನೆಯನ್ನು ಒಂದಕ್ಕೊಂದು ಹೋಲಿಸುವ ಕ್ರಮ ತಂದರು. ಹೋಲಿಕೆಗೂ ಲೆಕ್ಕ ಬೇಕು ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಪ್ರತಿಯೊಬ್ಬ ವ್ಯವಸ್ಥಾಪಕರೂ ವ್ಯತ್ಯಾಸ ವಿಶ್ಲೇಷಣೆಯ ಸೂತ್ರಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಆ ಉತ್ಪಾದನಾ ಮೇಲ್ವಿಚಾರಕರು ಪ್ರತಿಕೂಲ ವ್ಯತ್ಯಾಸಕ್ಕೆ ವಿವರಣೆ ಬರೆಯಲು ಕಳೆಯುವ ಅರ್ಧ ದಿನದಲ್ಲಿ, ಸೀಳಿದ ತಗಡೊಂದನ್ನು ಖರೀದಿ ಅಧಿಕಾರಿಯ ಮೇಜಿನ ಮೇಲಿಟ್ಟು ಮಾತನಾಡಿದರೆ, ಮುಂದಿನ ಖರೀದಿ ಆದೇಶ ಅಲ್ಲಿಯೇ ತಿದ್ದಿಹೋಗುತ್ತದೆ.