ಕ್ಯಾನ್ಸರ್ ರೋಗಿಯ ಮೊದಲ ಸಿಬಿಸಿ ಎಲ್ಲಿದೆ?

ವಿಜಯಪುರ, ಬಾಗಲಕೋಟ ಕಡೆಯಿಂದ ಬೆಳಗಾವಿಗೆ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಂದಿಯ ಫೈಲಿನಲ್ಲಿ ಸ್ಕ್ಯಾನ್ ಇರುತ್ತದೆ, ಬಯಾಪ್ಸಿ ಇರುತ್ತದೆ. ಊರಲ್ಲಿ ಮಾಡಿಸಿದ ಮೊದಲ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್ ಮಾತ್ರ "ಹಳೇ ರಕ್ತ ತಪಾಸಣೆರೀ" ಅಂತ ಮನೆಯಲ್ಲೇ ಉಳಿದಿರುತ್ತದೆ. ದಯವಿಟ್ಟು ಅದನ್ನು ತನ್ನಿ. ಚಿಕಿತ್ಸೆ ಶುರುವಾದ ಮೇಲೆ ಆ ಅಂಕಿಗಳು ಮತ್ತೆ ಸಿಗುವುದಿಲ್ಲ.

ಅದರಲ್ಲಿ ನೋಡಬೇಕಾದ್ದು ಎರಡು ಬಗೆಯ ಬಿಳಿಕಣಗಳಾದ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್‌ಗಳ ಅನುಪಾತ. ನ್ಯೂಟ್ರೋಫಿಲ್ ಶೇ. 78, ಲಿಂಫೋಸೈಟ್ ಶೇ. 13 ಇದ್ದರೆ 78 ಭಾಗಿಸು 13, ಅಂದರೆ 6. ಗಡ್ಡೆ ಎಬ್ಬಿಸಿದ ಉರಿಯೂತ ನ್ಯೂಟ್ರೋಫಿಲ್ ಏರಿಸುತ್ತದೆ. ಗಡ್ಡೆಯ ಮೇಲೆ ದಾಳಿ ಮಾಡುವ ಲಿಂಫೋಸೈಟ್ ಇಳಿದಿರುತ್ತದೆ. 2014ರಲ್ಲಿ 100 ಅಧ್ಯಯನಗಳ 40,559 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ, ಈ ಅನುಪಾತ ಹೆಚ್ಚಿದ್ದವರಲ್ಲಿ ಸಾವಿನ ಅಪಾಯ ಸುಮಾರು 1.8 ಪಟ್ಟು ಕಂಡಿತು. ಆದರೆ "ಹೆಚ್ಚು" ಅನ್ನುವ ಗೆರೆಯನ್ನು ಒಬ್ಬರು 3ಕ್ಕೆ ಎಳೆದರೆ ಇನ್ನೊಬ್ಬರು 5ಕ್ಕೆ ಎಳೆದಿದ್ದಾರೆ. ಹಾಗಾಗಿ ನಿಮ್ಮ ಅಪ್ಪನ ರಿಪೋರ್ಟಿನಲ್ಲಿ 6 ಬಂತೆಂದು ಮೊಬೈಲ್‌ನಲ್ಲಿ ಹುಡುಕಿ ಆಯುಷ್ಯ ಎಣಿಸುತ್ತ ಕೂಡಬೇಡಿ.

ಯಾಕೆಂದರೆ ಅದೇ 6 ಬೇರೆ ಕಾರಣಕ್ಕೂ ಬರುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಕೆಲವೇ ತಾಸಿನಲ್ಲಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತದೆ. ಗುಟಕಾದಿಂದ ಬಂದ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಭಾಳ. ಆ ಹುಣ್ಣಿಗೆ ಸೋಂಕು ತಗುಲಿ ಕೀವಾಗಿದ್ದರೂ ಇದೇ ಚಿತ್ರ. ಕೀಮೋ ನಂತರ ಬಿಳಿಕಣ ಏರಿಸಲು ಕೊಡುವ ಇಂಜೆಕ್ಷನ್ ಆಗಿದ್ದರಂತೂ ಆ ಲೆಕ್ಕ ಹಿಡಿಯಲೇಬಾರದು. ರಕ್ತ ತೆಗೆದ ದಿನ ಜ್ವರ ಇತ್ತೇ, ಸ್ಟೀರಾಯ್ಡ್ ನಡೆದಿತ್ತೇ ಅಂತ ಹಾಳೆಯ ಮೇಲೆ ಪೆನ್ನಿನಿಂದ ಬರೆದಿಡಿ.

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ವಿಷಯದಲ್ಲೂ ಎಚ್ಚರ ಬೇಕು. ಕಬ್ಬಿಣಾಂಶದ ಕೊರತೆಯೇ ಅದನ್ನು ಏರಿಸಬಲ್ಲದು, ನಮ್ಮ ಹೆಣ್ಣುಮಕ್ಕಳಲ್ಲಿ ಆ ಕೊರತೆ ಹೊಸತಲ್ಲ. ಒಮ್ಮೆಲೇ ಕಡಿಮೆ ತೋರಿಸಿದರೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕಣಗಳು ಗುಂಪುಗೂಡಿ ಯಂತ್ರ ತಪ್ಪು ಎಣಿಸಿರಬಹುದು. ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಮಾಡಿಸಬೇಕು. ಗುರುತಿನವರೆಗೆ ರಕ್ತ ತುಂಬಿ, ಎಂಟು ಹತ್ತು ಸಲ ಮೆಲ್ಲಗೆ ಮಗುಚದಿದ್ದರೆ ಹೆಪ್ಪುಗಟ್ಟಿ ಇದೇ ಅವಾಂತರ. ಇಲ್ಲಿನ ಏಪ್ರಿಲ್ ಬಿಸಿಲಲ್ಲಿ ಸ್ಯಾಂಪಲ್ಲನ್ನು ಹಾಗೇ ಬಸ್ಸಿನಲ್ಲಿ ಕಳಿಸುವ ರೂಢಿಯೂ ನಿಲ್ಲಬೇಕು.

ವೈದ್ಯರು ಈ ಎಣಿಕೆಗಳನ್ನು ನಿಜಕ್ಕೂ ಬಳಸುವ ಕಡೆ ಅವು ಒಂಟಿಯಾಗಿರುವುದಿಲ್ಲ. ಮುಂದುವರಿದ ಹಾಜ್ಕಿನ್ ಲಿಂಫೋಮಾದ (ದುಗ್ಧಗ್ರಂಥಿಯ ಒಂದು ಕ್ಯಾನ್ಸರ್) ಅಪಾಯ ಅಳೆಯುವ ಅಂಕಪಟ್ಟಿಯ ಏಳು ಅಂಶಗಳಲ್ಲಿ ಮೂರು ಸಿಬಿಸಿಯವು: ಬಿಳಿಕಣ 15,000 ಅಥವಾ ಹೆಚ್ಚು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಲಿಂಫೋಸೈಟ್ 600ಕ್ಕಿಂತ ಅಥವಾ ಶೇ. 8ಕ್ಕಿಂತ ಕಡಿಮೆ. ಉಳಿದ ನಾಲ್ಕು ವಯಸ್ಸು, ಲಿಂಗ, ಹಂತ ಮತ್ತು ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್. ಹರಡಿದ ಮೂತ್ರಪಿಂಡ ಕ್ಯಾನ್ಸರಿನ ಪಟ್ಟಿಯಲ್ಲೂ ಆರರಲ್ಲಿ ಮೂರು ಹೀಗೇ. ಬರೀ ಸಿಬಿಸಿ ನೋಡಿ ಭವಿಷ್ಯ ಹೇಳುವವರನ್ನು ನಂಬಬೇಡಿ.

ಕೀಮೋ ಆದ 7ರಿಂದ 14 ದಿನಗಳಲ್ಲಿ ಬಿಳಿಕಣ ಕುಸಿಯುವುದು ಬೇರೆಯೇ ಸಂಗತಿ. ಅದು ಔಷಧಿಯ ಪರಿಣಾಮ, ರೋಗ ಉಲ್ಬಣಿಸಿದ ಗುರುತಲ್ಲ. ಒಟ್ಟು ಬಿಳಿಕಣವನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ: 1,200 ಇದ್ದು ಶೇ. 30 ಆದರೆ ನ್ಯೂಟ್ರೋಫಿಲ್ ಎಣಿಕೆ ಬರೀ 360. ಅದು 500ಕ್ಕಿಂತ ಕೆಳಗಿದ್ದು ಜ್ವರ 101 ಮುಟ್ಟಿದರೆ, ಅಥವಾ 100.4 ಒಂದು ತಾಸು ಹಾಗೇ ನಿಂತರೆ, ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ. ರಿಪೋರ್ಟ್ ಕೈಯಲ್ಲಿ ಇಲ್ಲದಿದ್ದರೂ ಅಷ್ಟೇ: ಕೀಮೋ ನಡೆದಿರುವವರಿಗೆ ಇಂಥ ಜ್ವರ ಬಂದರೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ, ಕೀಮೋ ಆದ ತಾರೀಖನ್ನು ಬಾಗಿಲಲ್ಲೇ ಹೇಳಿ.