ಮುಂದೆ ಯಾರಪ್ಪಾ?

ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಮಾಲೀಕ ಜಿಮ್ಮಿ ಹ್ಯಾಸ್ಲಮ್ ಸಾಹೇಬರು 2025ರ ಮಾರ್ಚ್‌ನಲ್ಲಿ ಕೊನೆಗೂ ಬಾಯಿಬಿಟ್ಟರು. ತಾವು ತಂದ ಕ್ವಾರ್ಟರ್‌ಬ್ಯಾಕ್ (ಆಟ ನಡೆಸುವ, ಚೆಂಡು ಎಸೆಯುವ ಆಟಗಾರ) ಡೆಶಾನ್ ವಾಟ್ಸನ್ ವಿಷಯದಲ್ಲಿ ಜೋರಾಗಿ ಬ್ಯಾಟ್ ಬೀಸಿದೆವು, ಚೆಂಡು ಸಿಗಲಿಲ್ಲ ಅಂತ. ಅಷ್ಟೇ. ಹೋಗಿದ್ದು ಬರೀ 23 ಕೋಟಿ ಡಾಲರ್. ಚಿಲ್ಲರೆ ವಿಷಯ ಬಿಡಿ.

ಈ ತಂಡವನ್ನು ಸುಮ್ನೆ ಬೈಯುವವರಿಗೆ ಅದರ ಶ್ರದ್ಧೆ ಗೊತ್ತಿಲ್ಲ. ಹಳೇ ತಂಡ ಬಾಲ್ಟಿಮೋರ್‌ಗೆ ಗಂಟುಮೂಟೆ ಕಟ್ಟಿದ ಮೇಲೆ 1999ರಲ್ಲಿ ಬ್ರೌನ್ಸ್ ಮತ್ತೆ ಹುಟ್ಟಿತು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಪಿಕ್‌ನಲ್ಲೇ (ಸರದಿಯಲ್ಲೇ) ಕ್ವಾರ್ಟರ್‌ಬ್ಯಾಕ್ ಟಿಮ್ ಕೌಚ್ ಬಂದರು. ಅಲ್ಲಿಂದ ಇಲ್ಲಿಯವರೆಗೆ ಪಂದ್ಯ ಶುರು ಮಾಡಿದ ಕ್ವಾರ್ಟರ್‌ಬ್ಯಾಕ್‌ಗಳ ಲೆಕ್ಕ 40 ದಾಟಿದೆ. ಬೇರೆ ತಂಡಗಳು ಒಬ್ಬ ಸಿಕ್ಕಿದ ಕೂಡಲೇ ಹತ್ತು ಹದಿನೈದು ವರ್ಷ ಹುಡುಕುವುದನ್ನೇ ಬಿಟ್ಟುಬಿಡುತ್ತವೆ. ಸೋಮಾರಿಗಳು! ಊರಿನ ಜಾಹೀರಾತು ಕಂಪನಿಯೊಂದು ಕೌಚ್ ಜೆರ್ಸಿಯನ್ನು ಕಿಟಕಿಯಲ್ಲಿ ನೇತುಹಾಕಿತ್ತು. ಒಬ್ಬರು ಹೋಗಿ ಇನ್ನೊಬ್ಬರು ಬಂದಾಗಲೆಲ್ಲ ಹೊಸ ಹೆಸರಿನ ಪಟ್ಟಿ ಅಂಟಿಸುತ್ತಿದ್ದರು. ಬೆನ್ನಿನಲ್ಲಿ ಜಾಗವೇ ಸಾಲದಾಯಿತು.

22ನೇ ಪಿಕ್‌ಗೆ ಯಾವ ಶನಿ ಕಾಟವೋ ಗೊತ್ತಿಲ್ಲ. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾಂಝೆಲ್. ಮೂವರೂ 22. ಮ್ಯಾಂಝೆಲ್‌ನನ್ನು ತಗೊಳ್ಳಿ ಅಂತ ಬೀದಿಯಲ್ಲಿ ಮನೆಯಿಲ್ಲದವನೊಬ್ಬ ಮಾಲೀಕರಿಗೆ ಹೇಳಿದ್ದನಂತೆ, ಆಗ ಇಎಸ್‌ಪಿಎನ್ ವರದಿ ಮಾಡಿತ್ತು. ಸಂಬಳ ಕೇಳದ ಸಲಹೆಗಾರ ಅವನೊಬ್ಬನೇ ಇರಬೇಕು.

ನನಗೆ ಮಾತ್ರ ವೀಡನ್ ಮೇಲೆ ಪ್ರೀತಿ ಜಾಸ್ತಿ. ಮೊದಲು ಬೇಸ್‌ಬಾಲ್ ಆಡಿ, ಅದು ಕೈಹಿಡಿಯದೆ, 28ನೇ ವಯಸ್ಸಿಗೆ ಡ್ರಾಫ್ಟ್ ಆದ ಮನುಷ್ಯ. 2012ರ ಮೊದಲ ಪಂದ್ಯದ ದಿನ ಮೈದಾನದಲ್ಲಿ ಪಾಪ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಮೈದಾನವಿಡೀ ಹರಡುವ ದೊಡ್ಡ ಅಮೆರಿಕನ್ ಬಾವುಟ ಬಿಚ್ಚಿದರು. ವೀಡನ್ ಅದರಡಿ ಸಿಕ್ಕಿಬಿದ್ದ. ತಲೆ ತಗ್ಗಿಸಿ, ಬಗ್ಗಿಕೊಂಡು, ಎಲ್ಲಿ ಹೊರಗೆ ಹೋಗುವುದು ಅಂತ ತಡಕಾಡಿದ. ಆಮೇಲೆ ಪಂದ್ಯದಲ್ಲಿ 35 ಸಲ ಎಸೆದ, 12 ತಲುಪಿದವು, 4 ಎದುರಾಳಿ ಕೈಗೆ. ಇಷ್ಟಾದರೂ ಬ್ರೌನ್ಸ್ ಸೋತಿದ್ದು ಒಂದೇ ಪಾಯಿಂಟ್‌ನಿಂದ! ಬಾವುಟದ ಕೆಳಗೇ ಇದ್ದಿದ್ದರೆ ಗೆಲ್ಲುತ್ತಿದ್ದರೋ ಏನೋ.

2016ರಲ್ಲಿ ಕೈಯಲ್ಲಿದ್ದ 2ನೇ ಪಿಕ್ ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟರು. ಅವರು ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಸ್‌ನನ್ನು ತಗೊಂಡರು, ಎರಡನೇ ಸೀಸನ್‌ನಲ್ಲೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅದನ್ನೂ ಗೆಲ್ಲಿಸಿಕೊಟ್ಟಿದ್ದು ಅವರ ಬದಲಿ ಕ್ವಾರ್ಟರ್‌ಬ್ಯಾಕ್. ಅದೇ ಸೀಸನ್‌ನಲ್ಲಿ ಬ್ರೌನ್ಸ್ 16ಕ್ಕೆ 16 ಸೋತಿತು. ಅಭಿಮಾನಿಗಳು ಜನವರಿ ಚಳಿಯಲ್ಲಿ ಸ್ಟೇಡಿಯಂ ಸುತ್ತ ಮೆರವಣಿಗೆ ಹೊರಟು ನಡಿಗೆಯಲ್ಲೇ ಸೊನ್ನೆ ಬರೆದರು.

2018ರಲ್ಲಿ ಬೇಕರ್ ಮೇಫೀಲ್ಡ್ ಸಿಕ್ಕ. 2021ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನವರ ಮನೆಗೇ ಹೋಗಿ 48-37ರಿಂದ ಪ್ಲೇಆಫ್ (ನಾಕೌಟ್) ಪಂದ್ಯ ಗೆದ್ದುಕೊಟ್ಟ. ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು ಅಂಥದ್ದೊಂದು ಗೆಲುವು ಕಂಡು. ಮುಂದಿನ ಸೀಸನ್ ಭುಜ ನೋವಿಟ್ಟುಕೊಂಡೇ ಆಡಿದ. ಹೊರಗೆ ಕಳಿಸಿದರು. ಸಿಕ್ಕವನನ್ನು ಇಟ್ಟುಕೊಂಡರೆ ಹುಡುಕಾಟ ನಿಂತುಹೋಗುತ್ತಲ್ವಾ?

ಅವನ ಜಾಗಕ್ಕೆ ತಂದಿದ್ದು ವಾಟ್ಸನ್‌ನನ್ನು. ಇಲ್ಲಿಂದ ನನಗೆ ನಗು ಬರುವುದಿಲ್ಲ. ಮಸಾಜ್‌ಗೆಂದು ಕರೆಸಿ ಲೈಂಗಿಕ ದುರ್ವರ್ತನೆ ಮಾಡಿದ ಅಂತ 20ಕ್ಕೂ ಹೆಚ್ಚು ಹೆಂಗಸರು ಕೋರ್ಟಿಗೆ ಹೋಗಿದ್ದರು. ಅವನು ಅಲ್ಲಗಳೆದ, ಕ್ರಿಮಿನಲ್ ಕೇಸ್ ನಡೆಯಲಿಲ್ಲ. ಆ ದಾವೆಗಳು ಇನ್ನೂ ಮುಗಿಯದಿರುವಾಗಲೇ ಈ ತಂಡ ಮೂರು ಮೊದಲ ಸುತ್ತಿನ ಪಿಕ್ ಕೊಟ್ಟು, ಇಡೀ ಮೊತ್ತಕ್ಕೆ ಖಾತರಿಯಿರುವ ಕರಾರಿಗೆ ಸಹಿ ಹಾಕಿತು. ಮೊದಲ ವರ್ಷದ ಸಂಬಳ ಸುಮಾರು 10 ಲಕ್ಷ ಡಾಲರ್ ಮಾತ್ರ ಇಟ್ಟರು. ಅಮಾನತು ಬಂದರೂ ಜೇಬಿಗೆ ಜಾಸ್ತಿ ತಾಗಬಾರದಲ್ಲ. ಅಮಾನತು ಬಂತು, 11 ಪಂದ್ಯ. ಮೂರು ಸೀಸನ್‌ನಲ್ಲಿ ಆಡಿದ್ದು 19. ಆ ಹೆಂಗಸರು ಏನನ್ನೂ ಬೀಸಿರಲಿಲ್ಲ. ಬ್ಯಾಟು ಚೆಂಡು ಅಂತ ಅವರ ಮುಂದೆ ಹೇಳಿ ನೋಡೋಣ.

ಈಗ ಇವರಿಗೆ ಹೊಸ ಸ್ಟೇಡಿಯಂ ಬೇಕಂತೆ, ಕ್ಲೀವ್‌ಲ್ಯಾಂಡ್ ಪಕ್ಕದ ಬ್ರೂಕ್ ಪಾರ್ಕ್‌ನಲ್ಲಿ, ಮೇಲೆ ಸೂರು ಬೇರೆ. ಅದಕ್ಕೆ ಓಹಾಯೋ ಸರ್ಕಾರ 2025ರಲ್ಲಿ 60 ಕೋಟಿ ಡಾಲರ್ ಮಂಜೂರು ಮಾಡಿದೆ. ಎಲ್ಲಿಂದ? ಜನ ಮರೆತುಹೋದ ಬ್ಯಾಂಕ್ ಖಾತೆ, ಯಾರೂ ನಗದು ಮಾಡಿಕೊಳ್ಳದ ಚೆಕ್ಕು, ಇಂಥವು ಸೇರಿದ ನಿಧಿಯಿಂದ. ಯಾರದೋ ಅಜ್ಜಿಯ ದುಡ್ಡು. ಸೂರು ಬಂದ ಮೇಲೆ ಎಸೆದ ಚೆಂಡು ಎಲ್ಲೋ ಹೋಯಿತು ಅಂತ ಹಳೇ ಸ್ಟೇಡಿಯಂ ಪಕ್ಕದ ಈರಿ ಸರೋವರದ ಗಾಳಿಯನ್ನು ಬೈಯುವುದಕ್ಕೂ ಆಗಲ್ಲ.